ವಾರ್ಸಿಯ ಬೂದುಗಣ್ಣು

ಜಾವಾದ ಕ್ಲಾತೆನ್ ಪೇಟೆಯ ಹಿಂದಿನ ಓಣಿಯಲ್ಲಿ ವಾರ್ಸಿಯ ಮನೆ. ಮದುಮಗಳನ್ನು ಸಿಂಗರಿಸುವುದು ಅವಳ ಕಸುಬು, ಅವಳ ಅಮ್ಮನ ಕಸುಬೂ ಅದೇ ಆಗಿತ್ತು. ಸಿಂಗಾರವೆಂದರೆ ಮುಖಕ್ಕೆ ಬಣ್ಣ ಮೆತ್ತುವುದು ಎಂದುಕೊಂಡವರನ್ನು ಕಂಡರೆ ವಾರ್ಸಿಗೆ ಆಗುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಮುಖ ಆಮೇಲಿನ ಮಾತು, ಮೊದಲು ಹಣೆ. ಮದುವೆಯ ಹಿಂದಿನ ದಿನ ಹೂನೀರಿನ ಸ್ನಾನವಾದ ಮೇಲೆ ಮದುಮಗಳ ಹಣೆಯಂಚಿನ ನವಿರುಕೂದಲನ್ನು ರೇಜರಿನಿಂದ ತೆಗೆಯಬೇಕು. ಮರುದಿನ ಬೆಳಗ್ಗೆ ಅಲ್ಲಿ ಕಪ್ಪು ಲೇಪದಿಂದ ಪಯೆಸ್ ಬರೆಯಬೇಕು. ನಡುಹಣೆಗೆ ಒಂದು ದೊಡ್ಡ ಎಸಳು, ಅದರ ಅಕ್ಕಪಕ್ಕ ಸಣ್ಣವು, ಕಿವಿಗಳ ಮುಂದೆ ಕೊಂಕಿ ಇಳಿಯುವ ಎರಡು. ಎಡಕ್ಕೂ ಬಲಕ್ಕೂ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಹುಡುಗಿಯ ಮುಖವೇ ಸೊಟ್ಟಗೆ ಕಾಣುತ್ತದೆ.

ಈ ಕೆಲಸ ಮಾಡುವಾಗ ವಾರ್ಸಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಚಿಕ್ಕಂದಿನಿಂದ ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ, ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದಳು. ಆದರೆ ಹಣೆಯ ಮುಂದೆ ಕೂತೊಡನೆ ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ, ಮೂಗು ತಾಗುವಷ್ಟು ಬಾಗಿ ಬರಿಗಣ್ಣಿನಲ್ಲೇ ಬರೆಯುವಳು. ಹಿಂದಿನಿಂದ ನೋಡಿದವರಿಗೆ ಮದುಮಗಳನ್ನು ಮೂಸುತ್ತಿದ್ದಾಳೆ ಅನ್ನಿಸಬೇಕು. ಓಣಿಯ ಪಡ್ಡೆಗಳು ಅವಳಿಗೆ 'ಹಣೆ ಮೂಸೋ ವಾರ್ಸಿ' ಎಂದು ಹೆಸರಿಟ್ಟಿದ್ದರು. ಐವತ್ತರ ಹತ್ತಿರ ಬಂದರೂ ಆ ಒಂದು ಗೇಣಿನ ದೂರದಲ್ಲಿ ಅವಳ ಕಣ್ಣಿಗೆ ತಪ್ಪಿದ ಕೂದಲಿರಲಿಲ್ಲ. ಅವಳ ವಯಸ್ಸಿನ ಉಳಿದ ಹೆಂಗಸರು ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕೂಗುತ್ತಿದ್ದ ಕಾಲ ಅದು. ಇದನ್ನು ದೊಡ್ಡ ವರವೆಂದು ವಾರ್ಸಿ ಎಂದೂ ತಿಳಿದವಳಲ್ಲ. ಕುರುಡಿ ಎನ್ನದೆ ಬಿಟ್ಟರೆ ಸಾಕು ಎನ್ನುವಷ್ಟೇ ಅವಳ ಆಸೆ.

ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ರೆತ್ನೋಳಿಂದ.

ರೆತ್ನೋ ಮೊದಲು ವಾರ್ಸಿಯ ಹತ್ತಿರವೇ ಮಲ್ಲಿಗೆ ಕಟ್ಟಿಕೊಡಲು, ತಟ್ಟೆ ಹಿಡಿಯಲು ಬಂದವಳು. ಆಮೇಲೆ ಸೋಲೋ ನಗರಕ್ಕೆ ಹೋಗಿ ಏನೇನೋ ಕಲಿತು ಬಂದು ಮಾರುಕಟ್ಟೆಯ ಎದುರಿಗೇ ಸಲೂನು ತೆರೆದಳು. ಗುರುವಿಗೇ ತಿರುಮಂತ್ರ ಎನ್ನುವುದು ಇದಕ್ಕೇ. ಆ ಸಲೂನಿನ ಗಾಜಿನ ಬಾಗಿಲಲ್ಲಿ ಅವಳದೇ ಆಳೆತ್ತರದ ಚಿತ್ರ. ಅದರಲ್ಲಿ ಅವಳ ಕಣ್ಣುಗಳು ಜಾವಾದ ಹೆಣ್ಣಿನ ಕಪ್ಪು ಕಣ್ಣುಗಳಲ್ಲ, ಬೂದುಬಣ್ಣದ, ಬಟ್ಟಲಿನಷ್ಟು ಅಗಲದ ಕಣ್ಣುಗಳು. ಲೆನ್ಸ್! ತಾನು ಹಾಕಿಕೊಂಡದ್ದಲ್ಲದೆ ಮದುಮಕ್ಕಳಿಗೂ ಹಾಕುತ್ತಿದ್ದಳು. ಒಂದು ಕಾಲಕ್ಕೆ ವಾರ್ಸಿಯ ಬಾಗಿಲಿಗೆ ಬರುತ್ತಿದ್ದ ತಾಯಂದಿರು ಈಗ ಅದೇ ಓಣಿಯಲ್ಲಿ ಹಾದು, ಅವಳ ಜಗಲಿಯ ಕಡೆ ಕತ್ತು ತಿರುಗಿಸದೆ, ರೆತ್ನೋಳ ಗಾಜಿನ ಬಾಗಿಲು ತಳ್ಳುತ್ತಿದ್ದರು.

"ಬೆಕ್ಕಿನ ಕಣ್ಣು ಮಾಡ್ತಾಳೆ ಹುಡುಗೀರ್ದು. ಇಲಿ ಹಿಡಿಯೋಕೆ ಕಳಿಸ್ತಾಳೋ, ಮದುವೆಗೆ ಕಳಿಸ್ತಾಳೋ," ಎಂದು ವಾರ್ಸಿ ಗಂಡನ ಮುಂದೆ ಕಾರುವಳು.

ಗಂಡ ಪಾರ್ದಿ ಸೂರಿನಿಂದ ಇಳಿಬಿಟ್ಟ ಪಂಜರದ ಹಕ್ಕಿಗೆ ಕಾಳು ಹಾಕುತ್ತ, "ನಿನ್ನ ಹೊಟ್ಟೆ ಮೇಲೆ ಪಾತ್ರೆ ಇಟ್ರೆ ಅನ್ನ ಬೆಂದೋಗುತ್ತೆ ಕಣೇ. ಗ್ಯಾಸ್ ಸಿಲಿಂಡರ್ ವಾಪಸ್ ಕೊಟ್ಬಿಡಾಣ," ಎನ್ನುವನು.

"ನಂಗೇನು ಹೊಟ್ಟೆಕಿಚ್ಚು? ಅವಳ ಮೇಲೆ?"

"ಹಂಗಾದ್ರೆ ಅವಳ ಸಲೂನ್ ಮುಂದೆ ಹೋಗುವಾಗ ಮಾತ್ರ ಮುಖಕ್ಕೆ ಕೊಡೆ ಯಾಕೆ ಅಡ್ಡ ಹಿಡೀತೀಯ? ಅಲ್ಲಿ ಮಾತ್ರ ಬಿಸಿಲಾ?"

ಕೊಡೆಯ ಅಂಚಿನಿಂದ ಅವಳು ಇಣುಕುತ್ತಿದ್ದದ್ದು ಪಾರ್ದಿಗೆ ಗೊತ್ತಿತ್ತು. ಒಳಗೆ ಯಾರಿದ್ದಾರೆ, ಯಾರ ಮಗಳ ಮುಖ ರೆತ್ನೋಳ ಕೈಯಲ್ಲಿದೆ ಎಂದು ನೋಡಿಕೊಂಡು ಬಂದು, ಆ ದಿನವೆಲ್ಲ ವಾರ್ಸಿ ಯಾರೊಂದಿಗೂ ನೆಟ್ಟಗೆ ಮಾತನಾಡುತ್ತಿರಲಿಲ್ಲ.

ಇದನ್ನೆಲ್ಲ ಅವಳು ಹೇಗೋ ನುಂಗಿಕೊಂಡಾಳು. ನುಂಗಲಾಗದ್ದು ಗಾಲುಳ ವಿಷಯ. ಗಾಲು ಅವಳ ತಂಗಿ ಸುಮಿಯ ಮಗಳು. ಹೆತ್ತವಳು ಸುಮಿ, ಸಾಕಿದವಳು ವಾರ್ಸಿ. ಸುಮಿ ಜಕಾರ್ತದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದಷ್ಟು ವರ್ಷವೂ ಈ ಹುಡುಗಿ ಮಲಗಿದ್ದು ವಾರ್ಸಿಯ ಪಕ್ಕದಲ್ಲಿ, ತಿಂದದ್ದು ಅವಳ ಕೈತುತ್ತು, ಕರೆದದ್ದು 'ಬುಧೆ', ದೊಡ್ಡಮ್ಮ, ಎಂದು. ಮಕ್ಕಳಿಲ್ಲದ ವಾರ್ಸಿಗೆ ಆ ಒಂದು ಕರೆ ಸಾಕಾಗಿತ್ತು. ಊರಿನ ಎಷ್ಟೋ ಹಣೆಗಳನ್ನು ಬರೆದ ಕೈ ಇದು, ಇನ್ನು ಗಾಲುಳ ಹಣೆಯನ್ನು ಬರೆದುಬಿಟ್ಟರೆ ಮುಗಿಯಿತು ಎಂದುಕೊಂಡಿದ್ದಳು.

ಮದುವೆ ಗೊತ್ತಾದ ವಾರವೇ ಸುಮಿ ಬಂದು ಚಹಾ ಲೋಟ ಹಿಡಿದು ಸುತ್ತಿ ಬಳಸಿ ಮಾತು ತೆಗೆದಳು.

"ಅಕ್ಕ, ನೀನು ಬೇಜಾರು ಮಾಡ್ಕೋಬಾರ್ದು. ಗಾಲುಗೆ ರೆತ್ನೋ ಹತ್ರ ಮಾಡಿಸ್ಕೋಬೇಕು ಅಂತ ಆಸೆ. ಫೋಟೋ ಚೆನ್ನಾಗಿ ಬರುತ್ತಂತೆ. ಲೆನ್ಸು ಗಿನ್ಸು ಎಲ್ಲಾ ಅವಳೇ ಹಾಕ್ತಾಳಂತೆ."

"ಹಣೆ?"

"ಹಣೆ ನಿನಗೇ! ಹಣೆ ನಿಂದು, ಮುಖ ಅವಳ್ದು."

"ಓಹೋ. ಹುಡುಗೀನ ಪಾಲು ಮಾಡಿದ್ದೀರಿ. ಹುಬ್ಬಿನ ಮೇಲೆ ನಾನು, ಹುಬ್ಬಿನ ಕೆಳಗೆ ಅವಳು. ಬೇಲಿ ಯಾರು ಹಾಕ್ತೀರಿ, ನೀನಾ ನಿನ್ನ ಗಂಡನಾ?"

ಗಾಲು ಬಂದು ಕೊರಳಿಗೆ ಜೋತುಬಿದ್ದಳು. "ಬುಧೆ, ರೆತ್ನೋ ಅಕ್ಕ ತುಂಬಾ ಒಳ್ಳೇವ್ರು. ನಿನ್ನನ್ನ ಎಷ್ಟು ಹೊಗಳ್ತಾರೆ ಗೊತ್ತಾ?"

ರೆತ್ನೋ ಅಕ್ಕ! ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸಾಕಿದ ಹುಡುಗಿಯ ಬಾಯಲ್ಲೇ ಆ ಹೆಸರು ಇಷ್ಟು ಸಲೀಸಾಗಿ ಬರುತ್ತದಲ್ಲ ಎಂದು ವಾರ್ಸಿಯ ಮೈಯೆಲ್ಲ ಉರಿಯಿತು. ಆ ರಂಡೆಗೆ ಏನಿದೆ ನನಗಿಲ್ಲದ್ದು? ಕೈಯಿಲ್ಲ, ಅಚ್ಚು ಇಟ್ಟು ಪಯೆಸ್ ಬರೆಯುತ್ತಾಳೆ. ವಿದ್ಯೆಯಿಲ್ಲ, ವ್ರತವಿಲ್ಲ. ಇರುವುದು ಆ ಕಣ್ಣು. ಆ ಬೂದುಗಣ್ಣನ್ನು ನೋಡಿ ಊರೇ ಮರುಳಾಗಿದೆ. ಹಾಗೆಂದು ತೀರ್ಮಾನ ಮಾಡಿದ ಮೇಲೆ ಉಪಾಯ ದೂರವಿರಲಿಲ್ಲ.

ಕನ್ನಡಕದಂಗಡಿಯ ಕೋ ಹಾನ್ ಅವಳಿಗೆ ಇಪ್ಪತ್ತು ವರ್ಷದಿಂದ ಕನ್ನಡಕ ಕಟ್ಟಿಕೊಡುತ್ತ ಬಂದವನು, ಅವಳನ್ನು 'ಬು', ಅಮ್ಮ, ಎಂದು ಕರೆಯುತ್ತಿದ್ದವನು. ಕಣ್ಣಿಗೆ ದೀಪ ಹಿಡಿದು ನೋಡಿದ, ಗೋಡೆಯ ಅಕ್ಷರ ಓದಿಸಿದ, ಒಂದು ಸಣ್ಣ ಕಾಗದದ ಪಟ್ಟಿಯನ್ನು ರೆಪ್ಪೆಯೊಳಗೆ ಸಿಕ್ಕಿಸಿ ಕಣ್ಣೀರು ಎಷ್ಟು ಊರುತ್ತದೆ ಎಂದು ಪರೀಕ್ಷಿಸಿದ.

"ಬು ವಾರ್ಸಿ, ಲೆನ್ಸ್ ಹಾಕ್ಬಹುದು. ಆದ್ರೆ ಯಾವ್ದು ಅನ್ನೋದು ಮುಖ್ಯ. ನಿಮ್ಮ ಕಣ್ಣು ಸ್ವಲ್ಪ ಒಣಗೋ ಕಣ್ಣು. ಪೌಡರು, ಧೂಪದ ಹೊಗೆ ಮಧ್ಯೆ ಕೆಲಸ. ದಿನಾ ಹಾಕಿ ದಿನಾ ಬಿಸಾಕೋದು ತಗೊಳ್ಳಿ. ತಿಂಗಳುಗಟ್ಟಲೆ ತೊಳ್ಕೊಂಡು ಹಾಕೋದು ಬೇಡ."

"ಆಯ್ತು. ಬೂದುಬಣ್ಣದ್ದು ಕೊಡಿ."

"ತಾಳಿ. ಇನ್ನೊಂದಿದೆ. ನಿಮಗೆ ದೂರದ್ದು ಕಾಣಲ್ಲ, ಹತ್ತಿರದ್ದು ಕಾಣುತ್ತೆ. ದೂರಕ್ಕೆ ಸರಿಮಾಡೋ ಲೆನ್ಸ್ ಹಾಕಿದ್ರೆ ಈ ವಯಸ್ಸಲ್ಲಿ ಹತ್ತಿರದ್ದು ಮಸುಕಾಗುತ್ತೆ. ಕನ್ನಡಕ ಆದ್ರೆ ತಲೆ ಮೇಲೆ ಸರಿಸ್ಕೋತೀರಿ. ಲೆನ್ಸ್ ಎಲ್ಲಿಗೆ ಸರಿಸ್ತೀರಿ?"

"ಅದಕ್ಕೇನೂ ಉಪಾಯ ಇಲ್ವಾ?"

"ಇದೆ. ಒಂದೇ ಕಣ್ಣಿಗೆ ಹಾಕಿ. ಅದ್ರಲ್ಲಿ ದೂರ ನೋಡಿ, ಇನ್ನೊಂದನ್ನ ಹಾಗೇ ಬಿಟ್ಟು ಅದ್ರಲ್ಲಿ ಹತ್ತಿರ ನೋಡಿ. ಅಭ್ಯಾಸ ಆಗುತ್ತೆ."

"ಒಂದು ಕಣ್ಣು ಬೂದು, ಒಂದು ಕಣ್ಣು ಕಪ್ಪು? ಮದುಮಗಳು ನನ್ನ ನೋಡಿ ಮಂಟಪ ಬಿಟ್ಟು ಓಡ್ತಾಳೆ ಅಷ್ಟೇ."

ಕೋ ಹಾನ್ ನಕ್ಕ. "ಹಂಗಾದ್ರೆ ದೂರ ಹತ್ತಿರ ಎರಡಕ್ಕೂ ಆಗೋ ಲೆನ್ಸ್ ತರಿಸ್ಕೊಡ್ತೀನಿ. ಆದ್ರೆ ಅದು ಬಣ್ಣದ್ದು ನನ್ನ ಹತ್ರ ಬರಲ್ಲ. ನೀರಿನ ಹಾಗಿರುತ್ತೆ. ಹಾಕಿದ್ದೀರಿ ಅಂತ ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗದ ಮೇಲೆ ಯಾಕ್ರೀ ಹಾಕ್ಬೇಕು?"

ಕೋ ಹಾನ್ ಅವಳ ನಂಬರಿನ ಬೂದು ಲೆನ್ಸನ್ನೇ ಕೊಟ್ಟ. "ಮದುವೆ ಊಟಕ್ಕೆ, ಫೋಟೋಗೆ ಹಾಕ್ಕೊಳ್ಳಿ. ಕೆಲಸಕ್ಕೆ ಬೇಡ. ನಿಮ್ಮ ಕೆಲಸಕ್ಕೆ ನಿಮ್ಮ ಬರಿಗಣ್ಣಿಗಿಂತ ಒಳ್ಳೆ ಲೆನ್ಸ್ ಯಾವ ಅಂಗಡೀಲೂ ಸಿಗಲ್ಲ," ಎಂದ. ಒಣಗಿದರೆ ಹಾಕಿಕೊಳ್ಳಲು ಹನಿಯ ಸೀಸೆಯನ್ನೂ ಕೊಟ್ಟ. ವಾರ್ಸಿಗೆ ಅವನ ಮಾತು ಮುದುಕಿಗೆ ಹೇಳುವ ಸಮಾಧಾನದಂತೆ ಕೇಳಿಸಿತು. ರೆತ್ನೋಗೆ ಆಗುವುದು ನನಗೇಕಾಗದು ಎಂದು ಗೊಣಗುತ್ತ ಬಂದಳು.

ಸ್ನಾನದ ದಿನ ಬಂತು. ಅಮ್ಮ ಕಲಿಸಿದ ಹಾಗೆ ವಾರ್ಸಿ ವ್ರತದಲ್ಲಿದ್ದಳು. ಉಪ್ಪಿಲ್ಲದ ಬಿಳಿ ಅನ್ನ, ನೀರು, ಅಷ್ಟೇ. ವ್ರತ ಕೆಟ್ಟರೆ ಮದುಮಗಳು 'ಮಾಂಗ್ಲಿಂಗಿ' ಆಗುವುದಿಲ್ಲ ಎಂದು ನಂಬಿಕೆ. ಹೆತ್ತವರೇ ಗುರುತು ಹಿಡಿಯಲಾಗದಷ್ಟು ಹುಡುಗಿ ಬದಲಾಗಿ ಕಂಡರೆ ಅದು ಮಾಂಗ್ಲಿಂಗಿ. ಸಿಂಗರಿಸುವವಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬೆಳಗಿನಿಂದ ಕನ್ನಡಿಯ ಮುಂದೆ ಹೆಣಗಿ, ಪಾರ್ದಿಯ ನಗೆಯನ್ನೂ ಬೈಗುಳವನ್ನೂ ಸಹಿಸಿ, ಅವಳು ಲೆನ್ಸ್ ಹಾಕಿಕೊಂಡಿದ್ದಳು. ಹನಿಯ ಸೀಸೆಯನ್ನು ಮಾತ್ರ ಮುಟ್ಟಲಿಲ್ಲ. ಒಮ್ಮೆ ಹಾಕಿ ನೋಡಿದಾಗ ಗಂಟಲಿನಲ್ಲಿ ಕಹಿ ಇಳಿದಿತ್ತು. ಗಂಟಲಿಗಿಳಿದದ್ದು ಹೊಟ್ಟೆಗಿಳಿದ ಹಾಗೆ. ಅನ್ನ ನೀರು ಬಿಟ್ಟು ಬೇರೇನೋ ಸೇರಿ ವ್ರತ ಕೆಟ್ಟರೆ ಗಾಲುಳ ಗತಿ?

ಸುಮಿಯ ಮನೆಯ ಚಪ್ಪರಕ್ಕೆ ಎಳೆ ತೆಂಗಿನ ಗರಿ ಕಟ್ಟಿದ್ದರು. ವಾರ್ಸಿ ಕನ್ನಡಕವಿಲ್ಲದೆ ತಲೆಯೆತ್ತಿ ಒಳಗೆ ಹೋದಾಗ ನಂಟರ ಹೆಂಗಸರು ಬಾಯಿ ತೆರೆದರು.

"ಯಾರಮ್ಮ ಇದು? ವಾರ್ಸೀನಾ? ಮದುಮಗಳಿಗಿಂತ ಮುಂಚೆ ಇವಳೇ ಮಾಂಗ್ಲಿಂಗಿ ಆಗ್ಬಿಟ್ಟಿದ್ದಾಳೆ!"

"ಪಾರ್ದಿಗೆ ಹೇಳ್ರೋ, ಇವತ್ತು ಬೇರೆ ಯಾರದ್ದೋ ಹೆಂಡ್ತೀನ ಕರ್ಕೊಂಡು ಹೋದಾನು!"

ವಾರ್ಸಿ ಗೆದ್ದಳು. ಚಪ್ಪರದ ಆಚೆಯ ಮಾವಿನ ಮರದ ಎಲೆ ಎಲೆಯೂ ಕಾಣುತ್ತಿತ್ತು, ರೆತ್ನೋ ತನ್ನ ಕಡೆ ತಿರುಗಿ ಹುಬ್ಬೇರಿಸಿದ್ದೂ ಕಾಣಿಸಿತು. ಇಷ್ಟು ವರ್ಷದಲ್ಲಿ ಇಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿದ್ದುದನ್ನೂ ಮರೆತಳು.

ಸ್ನಾನ ಮುಗಿದು ಗಾಲು ಒಳಕೋಣೆಯ ಚಾಪೆಯ ಮೇಲೆ ಕೂತಳು. ಕೂದಲಿಗೆ ಧೂಪದ ಹೊಗೆ ಹಿಡಿದಿದ್ದರು. ಮುಖದ ಬಣ್ಣ ಹೊಂದಿಸಿ ನೋಡಲು ರೆತ್ನೋ ತನ್ನ ಪೆಟ್ಟಿಗೆ ತೆರೆದು ಪಕ್ಕದಲ್ಲೇ ಕೂತಿದ್ದಳು. ಬಾಗಿಲು ಮುಚ್ಚಿತ್ತು, ಇದ್ದವರು ಮೂವರೇ. ಗಾಲು ಕಣ್ಣು ಮುಚ್ಚಿದಳು. ವಾರ್ಸಿ ರೇಜರು ತೆಗೆದುಕೊಂಡು ಬಾಗಿದಳು.

ಹಣೆ ಇರಲಿಲ್ಲ. ಹಣೆಯಿರಬೇಕಾದಲ್ಲಿ ಬೆಳ್ಳಗಿನ ಮಸುಕು, ಅದರ ಮೇಲೆ ಕಪ್ಪಗಿನ ಮಸುಕು. ಹತ್ತಿರ ಹೋದಷ್ಟೂ ಎರಡೂ ಕಲೆಸಿಹೋಗುತ್ತಿದ್ದವು. ತೋಳುದ್ದ ಹಿಂದೆ ಸರಿದರೆ ಹಣೆ ಕಾಣುತ್ತಿತ್ತು, ಆದರೆ ಆ ದೂರಕ್ಕೆ ನವಿರುಕೂದಲು ಯಾವ ಕಣ್ಣಿಗೂ ಕಾಣದು. ಅಭ್ಯಾಸಬಲದಿಂದ ಕೈ ಕನ್ನಡಕವನ್ನು ಮೇಲೆ ಸರಿಸಲು ಹೋಗಿ ಬರಿಯ ಹುಬ್ಬನ್ನು ಮುಟ್ಟಿ ಬಂತು.

"ಬು, ಕಾಣ್ತಿದೆಯಾ?" ರೆತ್ನೋ ಮೆಲ್ಲಗೆ ಕೇಳಿದಳು. "ಲೆನ್ಸ್ ತೆಗೆದುಬಿಡಿ ಬೇಕಾದ್ರೆ. ನಾನು ಸಹಾಯ..."

"ನೀನು ಹುಟ್ಟೋಕೆ ಮುಂಚೆಯಿಂದ ಮಾಡ್ತಿದ್ದೀನಿ ಇದನ್ನ."

ಬೇರೆ ಯಾರೇ ಹೇಳಿದ್ದರೂ ಅವಳು ಕೇಳುತ್ತಿದ್ದಳೇನೋ. ರೆತ್ನೋ ಹೇಳಿದಳು, ಅದೇ ಕೆಟ್ಟಿತು. ಅವಳ ಮುಂದೆ ಕಣ್ಣು ಕೆರೆದುಕೊಂಡು ಆ ಚಿಪ್ಪನ್ನು ಕೀಳುವುದೆ? ಕಣ್ಣು ಬೇಡ, ಕೈಗೆ ದಾರಿ ಗೊತ್ತು ಎಂದು ವಾರ್ಸಿ ಎಡ ಕಿವಿಯ ಮೇಲಿನಿಂದ ರೇಜರು ಎಳೆದಳು. ಕೈಗೆ ದಾರಿ ಗೊತ್ತಿತ್ತು, ಆದರೆ ದಾರಿ ಎಲ್ಲಿ ಶುರುವಾಗುತ್ತದೆಂದು ಹೇಳುತ್ತಿದ್ದದ್ದು ಕಣ್ಣು. ರೇಜರು ಸಲೀಸಾಗಿ ಹೋಯಿತು, ಹೆಚ್ಚೇ ಸಲೀಸಾಗಿ. ಗಾಲುಳ ಮಡಿಲಿಗೆ ಬಿದ್ದದ್ದು ನವಿರಲ್ಲ, ಗೇಣುದ್ದದ ಕರಿಗೂದಲ ಎಳೆಗಳು.

ರೆತ್ನೋ ಸರ್ರನೆ ವಾರ್ಸಿಯ ಮಣಿಕಟ್ಟು ಹಿಡಿದಳು. ಸದ್ದು ಮಾಡದೆ ರೇಜರನ್ನು ಬೆರಳುಗಳಿಂದ ಬಿಡಿಸಿಕೊಂಡಳು. ಆ ಹೊತ್ತಿಗೇ ಬಾಗಿಲು ತೆರೆದು ಸುಮಿ ಒಳಗೆ ಬಂದಳು.

"ಯಾ ಅಲ್ಲಾ! ಏನಾಯ್ತು ಇದು? ಎಡಗಡೆ ಕೂದಲೆಲ್ಲಿ? ಬೆಳಗಾದ್ರೆ ಮದುವೆ ನನ್ನ ಮಗಳದ್ದು! ಯಾರ ಕೈ ಇದು?"

ರೇಜರು ರೆತ್ನೋಳ ಕೈಯಲ್ಲಿತ್ತು.

"ನಂದು ಬು," ಎಂದಳು ರೆತ್ನೋ. "ನಾನೂ ಸ್ವಲ್ಪ ಮಾಡ್ತೀನಿ ಅಂತ ಬು ವಾರ್ಸಿ ಹತ್ರ ಕೇಳಿ ಇಸ್ಕೊಂಡೆ. ಕೈ ಜಾರ್ತು. ತಪ್ಪಾಯ್ತು."

ಸುಮಿ ಬಾಯಿಗೆ ಬಂದದ್ದೆಲ್ಲ ಅಂದಳು. ರೆತ್ನೋ ತಲೆ ತಗ್ಗಿಸಿ ಕೇಳಿಸಿಕೊಂಡಳು. ಗಾಲು ಕಣ್ಣು ತೆರೆದು, ಕನ್ನಡಿ ತೆಗೆದುಕೊಂಡು, ಬೋಳಾದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅವಳು ನಕ್ಕುಬಿಟ್ಟಳು.

"ಪರವಾಗಿಲ್ಲ ಬಿಡಿ. ಕೂದಲು ತಾನೆ, ಬೆಳೆಯುತ್ತೆ. ಪಯೆಸ್ ಸ್ವಲ್ಪ ಅಗಲ ಬರೆದ್ರೆ ಮುಚ್ಚಿಹೋಗುತ್ತೆ. ಅಮ್ಮ, ಸಾಕು, ಬೈಬೇಡ."

ವಾರ್ಸಿ ಪಾರಾದಳು. ಹೆಸರು ಉಳಿಯಿತು. ರೆತ್ನೋಳ ಮುಖಕ್ಕೆ ಮಸಿ ಮೆತ್ತಿತು. ಇಷ್ಟು ದಿನ ವಾರ್ಸಿ ಬೇಡಿಕೊಂಡದ್ದು ಇದನ್ನೇ ಅಲ್ಲವೆ? ಕುಣಿದಾಡಬೇಕಿತ್ತು. ಆದರೆ ಅವಳ ಕಿವಿಯಲ್ಲಿ ಮೊಳಗುತ್ತಿದ್ದದ್ದು ಗಾಲುಳ ನಗು. ಮದುವೆಯ ಹಿಂದಿನ ದಿನ ಹಣೆ ಕೆಡಿಸಿದವಳನ್ನು ಒಂದೇ ನಗೆಯಲ್ಲಿ ಕ್ಷಮಿಸಿಬಿಟ್ಟಳು! ಅಷ್ಟು ಪ್ರೀತಿಯೆ ಆ ರೆತ್ನೋಳ ಮೇಲೆ? ತಪ್ಪು ನನ್ನದು, ಕ್ಷಮೆ ಅವಳಿಗೆ? ಸಾಕಿದ್ದು ನಾನು, ಕೆಡಿಸಿದ್ದೂ ನಾನು, ಆ ನಗು ಮಾತ್ರ ಅವಳ ಪಾಲಿಗೆ? ಗಿರಾಕಿಗಳನ್ನು ಕಸಿದಳು, ಮುಖವನ್ನು ಕಸಿದಳು, ಈಗ ಇದನ್ನೂ ಕಸಿಯುತ್ತಾಳೆ. ವಾರ್ಸಿಗೆ ತಡೆಯಲಾಗಲಿಲ್ಲ.

"ಅದು ನಾನು ಮಾಡಿದ್ದು!" ಎಂದು ಕಿರುಚಿದಳು. "ಅವಳಲ್ಲ! ಅವಳ್ಯಾಕೆ ತಗೋತಾಳೆ ನಂದನ್ನ? ಈ ಹಾಳು ಲೆನ್ಸ್ ಹಾಕ್ಕೊಂಡು, ಏನೂ ಕಾಣದೆ, ಗೊತ್ತಿದ್ದೂ ಗೊತ್ತಿದ್ದೂ ರೇಜರು ಎಳೆದದ್ದು ನಾನು. ನನ್ನ ಕೈ. ನನ್ನ ತಪ್ಪು."

ಗಾಲು ಕನ್ನಡಿ ಕೆಳಗಿಟ್ಟಳು.

"ಗೊತ್ತು ಬುಧೆ."

"ಏನು ಗೊತ್ತು?"

"ನೀನೇ ಅಂತ. ಕಣ್ಣು ಮುಚ್ಚಿದ್ರೇನಾಯ್ತು, ನಿನ್ನ ಕೈ ನಂಗೆ ಗೊತ್ತಾಗಲ್ವಾ? ನನ್ನ ತಲೆ ಬಾಚಿ ಬೆಳೆಸಿದ ಕೈ ಅಲ್ವಾ ಅದು? ನಾನು ಪರವಾಗಿಲ್ಲ ಅಂದಿದ್ದು ನಿನಗೆ. ರೆತ್ನೋ ಅಕ್ಕಂಗಲ್ಲ."

ವಾರ್ಸಿ ಚಾಪೆಯ ಮೇಲೆ ಕುಸಿದು ಕೂತು, ಗಾಲುಳ ಒದ್ದೆ ತಲೆಯನ್ನು ಎದೆಗೊತ್ತಿಕೊಂಡು, ನಂಟರಿಗೆ ಕೇಳಿಸೀತೆಂಬ ಲಜ್ಜೆಯೂ ಇಲ್ಲದೆ ಅತ್ತಳು.

"ಸಾಕು ಬುಧೆ. ಈಗ ಆ ಬೆಕ್ಕಿನ ಕಣ್ಣು ತೆಗೆದು ನನ್ನ ಹಣೆ ಸರಿಮಾಡು. ಅದ್ರಲ್ಲಿ ನೀನು ಅತ್ರೆ ಇನ್ನೂ ಭಯ ಆಗುತ್ತೆ," ಎಂದಳು ಗಾಲು.

ವಾರ್ಸಿ ಬೆರಳು ಹಾಕಿ ತೆಗೆಯಲು ನೋಡಿದಳು. ಬರಲಿಲ್ಲ. ಇನ್ನೊಂದು ಸಲ ನೋಡಿದಳು, ಕಣ್ಣು ಕೆಂಪಾದದ್ದಷ್ಟೇ ಬಂತು. ರೆತ್ನೋ ಎದ್ದುಹೋಗಿ ಕೈ ತೊಳೆದು, ಒರೆಸಿಕೊಂಡು ಬಂದು ಎದುರಿಗೆ ಕೂತಳು.

"ಹನಿ ಹಾಕಬೇಡ. ವ್ರತ," ಎಂದಳು ವಾರ್ಸಿ, ಮುಖ ತಿರುಗಿಸಿಯೇ.

"ಹನಿ ಯಾಕೆ ಬು, ಕಣ್ಣೀರು ಬೇಕಾದಷ್ಟಿದೆ. ಮೇಲೆ ನೋಡಿ. ರೆಪ್ಪೆ ಬಡೀಬೇಡಿ."

ರೆತ್ನೋ ಒಂದು ಬೆರಳಿನಿಂದ ರೆಪ್ಪೆ ಹಿಡಿದು, ಲೆನ್ಸನ್ನು ಮೆಲ್ಲಗೆ ಕೆಳಕ್ಕೆ ಜಾರಿಸಿ, ಎರಡು ಬೆರಳಿನಿಂದ ಚಿವುಟಿ ತೆಗೆದಳು. ಆಮೇಲೆ ಇನ್ನೊಂದು. ನೋಯಲಿಲ್ಲ. ಥ್ಯಾಂಕ್ಸ್ ಎನ್ನುವ ಮಾತು ವಾರ್ಸಿಯ ನಾಲಿಗೆಯವರೆಗೆ ಬಂದು, ಅಲ್ಲಿಂದ ಮುಂದೆ ಬರಲೊಲ್ಲದೆ ಹಿಂದೆ ಹೋಯಿತು.

ಕೋಣೆಯ ಗೋಡೆಗಳು, ಬಾಗಿಲಲ್ಲಿ ನಿಂತ ಸುಮಿ, ಎಲ್ಲ ಮಸುಕಿಗೆ ಸರಿದವು. ಗೇಣಿನ ದೂರದಲ್ಲಿದ್ದ ರೆತ್ನೋಳ ಮುಖವೊಂದೇ ಕೂದಲು ಕೂದಲಾಗಿ ಸ್ಪಷ್ಟವಾಯಿತು. ಅವಳನ್ನು ವಾರ್ಸಿ ತನ್ನ ಬರಿಗಣ್ಣಿನಿಂದ ಇಷ್ಟು ಹತ್ತಿರದಲ್ಲಿ ನೋಡಿರಲೇ ಇಲ್ಲ. ಬಿಡುವುದುಂಟೆ? ಹಣೆ, ಹುಬ್ಬು, ಕಣ್ಣಿನ ಅಂಚು, ಮೂಗಿನ ಪಕ್ಕ, ಒಂದು ಗೆರೆ, ಒಂದು ಕಲೆ, ಪೌಡರು ಬಿರುಕು ಬಿಟ್ಟ ಒಂದು ಜಾಗ ಸಿಕ್ಕರೂ ಸಾಕೆಂದು ಮೂಗು ತಾಗುವಷ್ಟು ಬಾಗಿ ಹುಡುಕಿದಳು. ಹಾಳಾದವಳು, ಹತ್ತಿರದಿಂದಲೂ ಚೆಂದವಾಗಿಯೇ ಇದ್ದಳು.